ಕಂಡಿತು, ಓದಲಾಗಲಿಲ್ಲ

ವಿಜ್ಞಾನದ ಇತಿಹಾಸದಲ್ಲಿ ನನ್ನನ್ನು ಗೆಲುವಿನ ಕಥೆಗಳಿಗಿಂತ ಅರ್ಧಕ್ಕೆ ನಿಂತ ನೋಟಗಳೇ ಹೆಚ್ಚು ಕಾಡುತ್ತವೆ. ಅಂಥದೊಂದು ನೋಟ 1982ರದ್ದು. ಅಮೆರಿಕದ ಆಸ್ವಾಲ್ಡ್ ಸ್ಟೀವರ್ಡ್ ಮತ್ತು ವಿಲಿಯಂ ಲೆವಿ ಇಲಿಯ ಮಿದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ್ದರು. ನರಕೋಶದ ಕವಲುಗಳ ಮೇಲೆ ಮುಳ್ಳಿನಂಥ ಪುಟ್ಟ ಚಾಚುಗಳಿರುತ್ತವೆ. ಬೇರೆ ಕೋಶಗಳ ಸಂದೇಶಗಳನ್ನು ಕವಲು ಹೆಚ್ಚಾಗಿ ಬರಮಾಡಿಕೊಳ್ಳುವುದು ಅಲ್ಲಿಯೇ. ಆ ಮುಳ್ಳುಗಳ ಬುಡದಲ್ಲಿ ರೈಬೋಸೋಮುಗಳು ಗುಂಪಾಗಿ ಕುಳಿತಿರುವುದನ್ನು ಅವರು ಕಂಡರು.

ರೈಬೋಸೋಮ್ ಎಂದರೆ ಆರ್‌ಎನ್‌ಎ ಓದಿ ಪ್ರೋಟೀನ್ ತಯಾರಿಸುವ ಯಂತ್ರ. ನರಕೋಶಕ್ಕೆ ಬೇಕಾದ ಪ್ರೋಟೀನು ಅದರ ಒಡಲಿನಲ್ಲಿ ತಯಾರಾಗಿ ಕವಲುಗಳಿಗೆ ಸಾಗುತ್ತದೆ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ಹಾಗಾದರೆ ಯಂತ್ರ ಇಷ್ಟು ದೂರದಲ್ಲಿ ಏಕಿದೆ? ನೆನಪಿಗೆ ಬೇಕಾದ ಬದಲಾವಣೆ ಸ್ಥಳದಲ್ಲೇ ನಡೆಯುತ್ತದೆಯೇ? ಅದು ಯಾವ ಜೀನಿನ ಆರ್‌ಎನ್‌ಎ ಓದುತ್ತಿದೆ ಎಂದು ತಿಳಿಯಬೇಕಿತ್ತು. ಚಿತ್ರದಲ್ಲಿ ಇದ್ದದ್ದು ಕಪ್ಪು ಚುಕ್ಕೆಗಳು ಮಾತ್ರ.

ಓದುವ ವಿದ್ಯೆ ಬೇರೆ ಕಡೆ ಬೆಳೆಯುತ್ತಿತ್ತು. 1969ರಲ್ಲಿ ಜೋಸೆಫ್ ಗಾಲ್ ಮತ್ತು ಮೇರಿ ಲೂ ಪಾರ್ಡ್ಯೂ, ವಿಕಿರಣಶೀಲ ಆರ್‌ಎನ್‌ಎ ಎಳೆಯು ಕಪ್ಪೆಯ ಕೋಶಗಳಲ್ಲಿ ತನ್ನ ಜೋಡಿ ಡಿಎನ್‌ಎಗೆ ಅಂಟಿಕೊಂಡ ಜಾಗವನ್ನು ಗುರುತಿಸಿದ್ದರು. ಮುಂದೆ ಇದೇ ಉಪಾಯದಿಂದ ಒಂದು ಜೀನಿನ ಆರ್‌ಎನ್‌ಎ ಎಲ್ಲಿದೆ ಎಂಬುದನ್ನೂ ಪತ್ತೆಹಚ್ಚತೊಡಗಿದರು.

ಎರಡನ್ನೂ ಸೇರಿಸಿದರಾಯಿತಲ್ಲ ಅನ್ನಿಸುತ್ತದೆ. ತೊಡಕಿರುವುದು ಅಲ್ಲೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಅಂಗಾಂಶವನ್ನು ಗ್ಲುಟರಾಲ್ಡಿಹೈಡ್, ಆಸ್ಮಿಯಂಗಳಲ್ಲಿ ಗಟ್ಟಿ ಮಾಡುತ್ತಾರೆ. ಗಟ್ಟಿಯಾದ ಮೇಲೆ ಹುಡುಕುವ ಎಳೆ ಒಳಗೆ ಹೋಗುವುದು ಕಷ್ಟ. ಮಾರ್ಜಕ ಹಾಕಿ ದಾರಿ ಮಾಡಿಕೊಟ್ಟರೆ ಕೋಶದ ಪೊರೆಯೇ ಕರಗುತ್ತದೆ. ರೂಪ ಉಳಿಸಿಕೊಂಡರೆ ಹೆಸರು ಸಿಗದು. ಹೆಸರು ಹುಡುಕಹೊರಟರೆ ರೂಪ ಉಳಿಯದು. ಒಂದೇ ಚೂರಿನಲ್ಲಿ ಎರಡನ್ನೂ ಪಡೆದವರು ಎರಡರಲ್ಲೂ ಸ್ವಲ್ಪ ಬಿಟ್ಟುಕೊಟ್ಟೇ ಪಡೆದರು.

ಆರ್ಕ್ ಎಂಬ ಜೀನು 1995ರಲ್ಲಿ ಪತ್ತೆಯಾಯಿತು. ಅದರ ಆರ್‌ಎನ್‌ಎ ಪ್ರಚೋದನೆಗೊಂಡ ಕವಲಿನ ಭಾಗಕ್ಕೇ ಹೋಗಿ ಸೇರುತ್ತದೆಂದು ಸ್ಟೀವರ್ಡ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಮೊದಲ ನೋಟದಿಂದ ಇಲ್ಲಿಗೆ ಬರಲು 16 ವರ್ಷ ಹಿಡಿಯಿತು. ಅದೂ ಬೆಳಕಿನ ಸೂಕ್ಷ್ಮದರ್ಶಕದಲ್ಲಿ, ಬೇರೆಯೇ ಚೂರುಗಳಲ್ಲಿ.

2023ರಲ್ಲಿ ಮ್ಯೂನಿಕ್‌ನ ಸಂಶೋಧಕರು ಗಾಯಗೊಂಡ ಸುಂಡಿಲಿಯ ಮಿದುಳಿನಲ್ಲಿ ಒಂದು ಪದರದಿಂದ ಜೀನುಗಳನ್ನು ಓದಿ, ಪಕ್ಕದ ಪದರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇಟ್ಟು ಎರಡನ್ನೂ ಹೊಂದಿಸಿದರು. ಯಾವ ಬಗೆಯ ಕೋಶ ಎಲ್ಲಿದೆ ಎಂದು ಕೇಳುವವರಿಗೆ ಇದು ದೊಡ್ಡ ದಾರಿ. ಆದರೆ ಮುಳ್ಳಿನ ಗಾತ್ರ ಒಂದು ಮೈಕ್ರೋಮೀಟರಿನ ಆಸುಪಾಸು. ಈ ಪದರದಲ್ಲಿದ್ದ ಮುಳ್ಳು ಪಕ್ಕದ ಪದರದಲ್ಲಿರುವುದಿಲ್ಲ. ಸ್ಟೀವರ್ಡ್ ಕಂಡ ಆ ಚುಕ್ಕೆಗಳ ಬಳಿಗೆ ಹೋಗಿ, ಈ ಮುಳ್ಳಿನ ಬುಡದಲ್ಲಿ ಈಗ ಓದುತ್ತಿರುವುದು ಏನನ್ನು ಎಂದು ಕೇಳಬೇಕಾದರೆ ಪಕ್ಕದ ಪದರ ಸಾಲದು, ಅದೇ ಪದರ ಬೇಕು.