ಸೀನಿಯರ್ ಇಲ್ಲದ ಬ್ಯಾಚು

ಮೊನ್ನೆ ಊರಿಗೆ ಹೋಗಿದ್ದಾಗ ಅಮ್ಮ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿಟ್ಟಿದ್ದರು. "ಇದು ಬೇಕಾ ನಿಂಗೆ, ಗುಜರಿಯವನಿಗೆ ಕೊಡ್ಲಿಕ್ಕಾ?" ಅಂತ ಕೇಳಿದರು. ಒಳಗೆ ನನ್ನ ಎಂಜಿನಿಯರಿಂಗಿನ ನಾಲ್ಕು ವರ್ಷದ ಜೆರಾಕ್ಸ್ ರಾಶಿ. ಎಂ-3 ಅಂದರೆ ಮೂರನೇ ಸೆಮಿಸ್ಟರಿನ ಗಣಿತದ ಕಟ್ಟು ತೆಗೆದು ನೋಡಿದೆ. ಮೂರು ಜನರ ಕೈಬರಹ. ಒಂದು ಲೆಕ್ಕದ ಪಕ್ಕ ಕನ್ನಡ ಅಕ್ಷರದಲ್ಲಿ ತುಳು: "ಉಂದು ಬರ್ಪುಂಡು". ಇದು ಬರುತ್ತದೆ ಅಂತ. ಪರೀಕ್ಷೆಗೆ, ತಲೆಗಲ್ಲ :-)

ಈ ರಾಶಿಗೂ ಒಂದು ಚರಿತ್ರೆ ಇದೆಯಲ್ಲ ಅನ್ನಿಸಿತು.

ನಮ್ಮ ಜಿಲ್ಲೆಯವರಿಗೆ ಎಂಜಿನಿಯರಿಂಗ್ ಅಂದರೆ ಬಹಳ ಕಾಲ 1957ರ ಮಣಿಪಾಲ, 1960ರ ಸುರತ್ಕಲ್ ಅಷ್ಟೆ. ಒಳನಾಡಿಗೆ ಅದು ಬಂದದ್ದು ತಡವಾಗಿ. ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 2001ರಲ್ಲಿ. 2007ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಎಸ್‌ಡಿಎಂ, ಅದೇ ವರ್ಷ ಮೂಡುಬಿದಿರೆ ಹತ್ತಿರ ಮೈಟ್, 2008ರಲ್ಲಿ ಮಿಜಾರಿನಲ್ಲಿ ಆಳ್ವಾಸ್. ಅಡಿಕೆ ತೋಟದ ಮನೆಗಳ ಹುಡುಗರು ಬೆಳಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬಂದು ಎಂಜಿನಿಯರ್ ಆಗುವ ಹಾಗಾಯಿತು.

ಆದರೆ ಹೊಸ ಕಾಲೇಜಿಗೆ ಕಟ್ಟಡ ಕಟ್ಟಬಹುದು, ಮೇಷ್ಟ್ರನ್ನು ಕರೆತರಬಹುದು, ಸೀನಿಯರನ್ನು ಎಲ್ಲಿಂದ ತರುವುದು? ಯಾವ ಪುಸ್ತಕ ಸಾಕು, ಯಾವ ಯೂನಿಟ್ ಬಿಟ್ಟರೂ ನಡೆಯುತ್ತದೆ, ವೈವಾದಲ್ಲಿ ಏನು ಕೇಳುತ್ತಾರೆ... ಇದ್ಯಾವುದೂ ಸಿಲೆಬಸ್ಸಿನಲ್ಲಿ ಇರುವುದಿಲ್ಲ. ನನ್ನ ದೊಡ್ಡಮ್ಮನ ಮಗ ಇಂಥ ಒಂದು ಮೊದಲ ಬ್ಯಾಚಿನವನು. ಅವನ ಪಿಯುಸಿ ಗೆಳೆಯನೊಬ್ಬ ಬೆಂಜನಪದವಿನಲ್ಲಿದ್ದ. ಶನಿವಾರ ಮಧ್ಯಾಹ್ನ ಮೂಡುಬಿದಿರೆಯಿಂದ ಸಿದ್ಧಕಟ್ಟೆ ಮೇಲಾಗಿ ಬಿ.ಸಿ.ರೋಡಿಗೆ ಬಸ್ಸು, ಅಲ್ಲಿ ಗೆಳೆಯನ ಸೀನಿಯರ್ ಕೊಟ್ಟ ನೋಟ್ಸು ಜೆರಾಕ್ಸ್ ಮಾಡಿಸಿ ವಾಪಸ್. "ನಮ್ಮ ಸೀನಿಯರ್ ಬಸ್ಸಿನಲ್ಲಿ ಬರ್ತಿದ್ರು" ಅಂತ ಅಣ್ಣ ಈಗಲೂ ನಗುತ್ತಾನೆ. ಇದು ಸಾಧ್ಯವಾದದ್ದು 1998ರಲ್ಲಿ ವಿಟಿಯು ಬಂದದ್ದರಿಂದ. ಬೀದರಿಗೂ ಬೆಂಜನಪದವಿಗೂ ಒಂದೇ ಪ್ರಶ್ನೆಪತ್ರಿಕೆ. ಒಂದು ಕಾಲೇಜಿನ ನೋಟ್ಸು ಇನ್ನೊಂದರಲ್ಲೂ ನಡೆಯುತ್ತಿತ್ತು.

(ಮೂಡುಬಿದಿರೆಗೆ ಪ್ರತಿ ಮಾಡಿಕೊಂಡು ಹೋಗುವವರು ಹೊಸಬರಲ್ಲ ಬಿಡಿ. ಅಲ್ಲಿನ ಬಸದಿಯಲ್ಲಿದ್ದ ಧವಳ ಗ್ರಂಥದ ತಾಳೆಗರಿಗಳು ಪ್ರತಿಯಾಗಿ ಉತ್ತರಕ್ಕೆ ಹೋದದ್ದರಿಂದಲೇ 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು.)

ನಾನು ಸೇರಿದ್ದು 2015ರಲ್ಲಿ. ಸೀನಿಯರ್‌ಗಳು ಬೇಕಾದಷ್ಟಿದ್ದರು. ಆದರೆ ಅದೇ ವರ್ಷ ಸಿಬಿಸಿಎಸ್ ಬಂತು. ಮೂರನೇ ಸೆಮಿಸ್ಟರಿನಲ್ಲಿ ಸೀನಿಯರ್‌ಗಳ ಕೈಲಿದ್ದದ್ದು 2010ರ ಸ್ಕೀಮು: ಎಂಟು ಯೂನಿಟ್, ನೂರು ಅಂಕದ ಪತ್ರಿಕೆ, ಇಂಟರ್ನಲ್ಸ್ 25. ನಮ್ಮದು ಐದು ಮಾಡ್ಯೂಲ್, ಎಂಬತ್ತು ಅಂಕ, ಇಂಟರ್ನಲ್ಸ್ 20. ಹಳೆ ಪತ್ರಿಕೆ ಹಿಡಿದು ಹೋದರೆ "ನಿಮ್ಮದು ಹೇಗೋ ಏನೋ ಮಾರಾಯ" ಅನ್ನುತ್ತಿದ್ದರು. ನಾವೂ ಒಂಥರಾ ಸೀನಿಯರ್ ಇಲ್ಲದ ಬ್ಯಾಚೇ.

ಎಂ-3ರ ಮೊದಲ ಇಂಟರ್ನಲ್ಸಿನಲ್ಲಿ ನಾನು ಮಕಾಡೆ ಮಲಗಿದೆ. ನೋಟೀಸ್ ಬೋರ್ಡಿನಲ್ಲಿ ಪಟ್ಟಿ ಬಂತು, ಮೇಲೆ ದಪ್ಪಕ್ಷರದಲ್ಲಿ "ಸ್ಲೋ ಲರ್ನರ್ಸ್". ಸಂಜೆ ನಾಲ್ಕೂವರೆಗೆ ವಿಶೇಷ ತರಗತಿ. ಕಾಲೇಜನ್ನೊಂದೇ ದೂರಿ ಪ್ರಯೋಜನವಿಲ್ಲ, ನ್ಯಾಕ್ ಅರ್ಜಿಯಲ್ಲೇ ಆ ಪದ ಇತ್ತು. ನಾನು ಹೋಗಲಿಲ್ಲ. ಎಲ್ಲರ ಕಣ್ಣೆದುರು ಆ ಕ್ಲಾಸಿಗೆ ನಡೆದು ಹೋಗುವುದು ಹೇಗೆ? ಅದೇ ಪಟ್ಟಿಯಲ್ಲಿದ್ದ ಇನ್ನೊಬ್ಬನೂ ಹೋಗಲಿಲ್ಲ. ಅವನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಇಯರ್ ಬ್ಯಾಕ್ ಆಗಿ ಮನೆಗೆ ಹೋದವನು ಮತ್ತೆ ಬರಲಿಲ್ಲ. ನಾನೂ ಅವನನ್ನು ಕೇಳಿರಲಿಲ್ಲ.

ನನ್ನನ್ನು ಉಳಿಸಿದ್ದು ರೂಮ್‌ಮೇಟು. ಬೆಳ್ತಂಗಡಿ ಕಡೆಯವನು, ಡಿಪ್ಲೊಮಾ ಮುಗಿಸಿ ಸೀದಾ ಮೂರನೇ ಸೆಮಿಸ್ಟರಿಗೆ ಬಂದಿದ್ದ. ಹಾಗೆ ಬಂದವರು ಆಗ 'ಮ್ಯಾಟ್‌ಡಿಪ್' ಅಂತ ಹೆಚ್ಚುವರಿ ಗಣಿತ ಪಾಸು ಮಾಡಬೇಕಿತ್ತು. ಡಿಫರೆನ್ಸಿಯೇಶನ್, ಇಂಟಿಗ್ರೇಶನ್, ಎಲ್ಲ ಪಿಯುಸಿಯದ್ದೇ. "ನೀನು ಪಿಯುಸಿ ಮಾಡಿದವನಲ್ವಾ, ಹೇಳಿಕೊಡು" ಅಂದ. ಗಣಿತದಲ್ಲಿ ಬಿದ್ದವನ ಹತ್ತಿರ ಗಣಿತ ಕೇಳುತ್ತಿದ್ದಾನೆ! ಇಂಟಿಗ್ರೇಶನ್ ಬೈ ಪಾರ್ಟ್ಸ್ ಹೇಳಲು ಕೂತೆ. ಅವನು ತುಳುವಿನಲ್ಲಿ ಪ್ರತಿ ಗೆರೆಗೂ "ಯಾಕೆ" ಅನ್ನುತ್ತಿದ್ದ. ಮೂರನೇ ದಿನ ಹೊಳೆಯಿತು, ಫೊರಿಯರ್ ಸೀರೀಸ್ ನನಗೆ ಬಾರದ್ದಕ್ಕೆ ಕಾರಣ ಫೊರಿಯರ್ ಅಲ್ಲ, ಈ ಬೈ ಪಾರ್ಟ್ಸೇ ನನಗೆ ಸರಿಯಾಗಿ ಗೊತ್ತಿರಲಿಲ್ಲ! ಬದಲಿಗೆ ಅವನು ಬ್ರೆಡ್‌ಬೋರ್ಡ್ ಇಟ್ಟುಕೊಂಡು ಅನಲಾಗ್ ಎಲೆಕ್ಟ್ರಾನಿಕ್ಸ್ ಕಲಿಸಿದ. ಇಬ್ಬರೂ ಪಾಸು. ತುಳು ಟಿಪ್ಪಣಿ ಅವನದ್ದು.

ಆಮೇಲೆ ಓದಿ ತಿಳಿದದ್ದು, ಇದು ನಮ್ಮ ರೂಮಿನ ಸಂಶೋಧನೆಯೇನೂ ಅಲ್ಲ ಅಂತ. 1789ರಲ್ಲಿ ಮದ್ರಾಸಿನ ಅನಾಥ ಹುಡುಗರ ಶಾಲೆಗೆ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿ, ಒಂದು ಮಲಬಾರಿ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ತನ್ನ ಮೇಷ್ಟ್ರುಗಳು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನಿಗೇ ಕ್ಲಾಸು ವಹಿಸಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ, ಅದು 'ಮದ್ರಾಸ್ ಪದ್ಧತಿ' ಅಂತ ಹೆಸರಾಯಿತು. ನಮ್ಮಜ್ಜ ಹೊಯಿಗೆಯಲ್ಲಿ ಬರೆದೇ ಕಲಿತವರು. ಐಗಳ ಮಠದಲ್ಲಿ ದೊಡ್ಡ ಹುಡುಗರೇ ಸಣ್ಣವರಿಗೆ ಮಗ್ಗಿ ಹೇಳಿಸುತ್ತಿದ್ದರಂತೆ.

1973ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ಎಂಬವರು ಇದನ್ನೇ ಬೇರೆ ರೀತಿ ಶುರುಮಾಡಿದರು. ಅವರು ಪಟ್ಟಿ ಮಾಡಿದ್ದು ದಡ್ಡ ವಿದ್ಯಾರ್ಥಿಗಳನ್ನಲ್ಲ, ಕಷ್ಟದ ವಿಷಯಗಳನ್ನು. ಹಿಂದೆ ಆ ವಿಷಯ ಚೆನ್ನಾಗಿ ಮಾಡಿದ ವಿದ್ಯಾರ್ಥಿಯೊಬ್ಬ ಕೂರುತ್ತಾನೆ, ಯಾರು ಬೇಕಾದರೂ ಬರಬಹುದು. ನಮ್ಮ ನೋಟೀಸ್ ಬೋರ್ಡಿನಲ್ಲಿ "ಸ್ಲೋ ಲರ್ನರ್ಸ್" ಬದಲು "ಎಂ-3" ಅಂತಿದ್ದಿದ್ದರೆ ನಾನು ಹೋಗುತ್ತಿದ್ದೆ. ಅವನೂ ಬರುತ್ತಿದ್ದನೇನೋ.

2022ರಲ್ಲಿ ಮತ್ತೆ ಹೊಸ ಸ್ಕೀಮು ಬಂತು, ಐವತ್ತಕ್ಕೆ ಐವತ್ತು. ಪಕ್ಕದ ಮನೆಯ ಹುಡುಗಿಗೆ ಕೊಡೋಣವೆಂದರೆ ಅವಳಿಗೆ ನನ್ನ ರಾಶಿಯಿಂದ ಉಪಯೋಗವಿಲ್ಲ. ಡಬ್ಬ ಗುಜರಿಗೆ ಹೋಯಿತು. ಎಂ-3ರ ಕಟ್ಟನ್ನು ಬ್ಯಾಗಿಗೆ ಹಾಕಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆ.