ಇಳಿವಯಸ್ಸಿನಲ್ಲಿ ಕ್ಯಾಮೆರಾ ಕಲಿಕೆ ಮತ್ತು ನೆನಪಿನ ಶಕ್ತಿ

ವಯಸ್ಸಾದ ಮೇಲೆ ಹೊಸ ವಿದ್ಯೆ ಕಲಿತರೆ ಮಿದುಳಿಗೆ ಪ್ರಯೋಜನವಿದೆಯೇ? ಅಮೆರಿಕದ ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ, 2014ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

60ರಿಂದ 90 ವರ್ಷದ 221 ಮಂದಿ ಇದರಲ್ಲಿ ಭಾಗವಹಿಸಿದ್ದರು. ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಕೆಲವರು ಡಿಜಿಟಲ್ ಛಾಯಾಗ್ರಹಣವನ್ನೂ ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವುದನ್ನೂ ಕಲಿತರು. ಕೆಲವರು ನಮ್ಮ ಕೌದಿಯಂಥ ಹೊಲಿಗೆ ಕಲಿತರು. ಇನ್ನು ಕೆಲವರು ಎರಡನ್ನೂ. ಒಂದು ಗುಂಪಿನವರು ಬರೀ ಕೂಡಿ ಕಾಲ ಕಳೆದರು, ಮತ್ತೊಂದು ಗುಂಪಿನವರು ಮನೆಯಲ್ಲೇ ಸಂಗೀತ ಕೇಳಿದರು, ಪದಗಳ ಆಟ ಆಡಿದರು.

ಕಡೆಗೆ ನೆನಪಿನ ಶಕ್ತಿ ಸುಧಾರಿಸಿದ್ದು ಹೊಸ ವಿದ್ಯೆ ಕಲಿತವರಲ್ಲಿ, ಅದರಲ್ಲೂ ಛಾಯಾಗ್ರಹಣ ಕಲಿತವರಲ್ಲಿ. ರೂಢಿಯಾದ ಕೆಲಸ ಹಳೆಯ ತಿಳಿವಳಿಕೆಯಲ್ಲೇ ಸಾಗುತ್ತದೆ. ಹೊಸದು ಗಮನ, ನೆನಪು ಎರಡನ್ನೂ ದುಡಿಸುತ್ತದೆ. ಆದರೆ ಇದು ಮರೆವಿನ ಕಾಯಿಲೆಗೆ ಔಷಧಿಯಲ್ಲ. ಮರೆವು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರನ್ನು ಕಾಣಲೇಬೇಕು.

ಹಿರಿಯ ಸದಸ್ಯರಲ್ಲಿ ನಾವು ಕೇಳಿಕೊಳ್ಳುವುದಿಷ್ಟು: ಸಂಘದ ಹರಟೆ ಇರಲಿ, ಜೊತೆಗೆ ಮೊಬೈಲ್ ಕ್ಯಾಮೆರಾವನ್ನೂ ಸರಿಯಾಗಿ ಕಲಿಯಿರಿ. ನಿಮ್ಮೂರಿನ ಹಳೆಯ ಕನ್ನಡ ನಾಮಫಲಕ, ಶಾಸನ, ಶಾಲೆಗಳಿಂದಲೇ ಆರಂಭಿಸಿ. ಆ ಚಿತ್ರಗಳು ಊರಿನ ನೆನಪನ್ನೂ ಉಳಿಸುತ್ತವೆ.