ಲೂಕಾಸ್ ಫ್ಯೂಸ್ ಪೆಟ್ಟಿಗೆ: ದುರಸ್ತಿಯೋ, ಬದಲಾವಣೆಯೋ

ಇಪ್ಪತ್ತನೆಯ ಶತಮಾನದ ನಡುಗಾಲದ ಬ್ರಿಟಿಷ್ ಕಾರುಗಳ ವಿದ್ಯುತ್ ಸಲಕರಣೆಗಳಲ್ಲಿ ಬಹುಪಾಲು ಬರ್ಮಿಂಗ್‌ಹ್ಯಾಮಿನ ಲೂಕಾಸ್ ಸಂಸ್ಥೆಯಿಂದ ಬರುತ್ತಿದ್ದವು. ಆ ಕಾರುಗಳ ಫ್ಯೂಸ್ ಪೆಟ್ಟಿಗೆಯನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೇ, ಕಿತ್ತು ಹೊಸ ಮಾದರಿಯದನ್ನು ಕೂರಿಸಬೇಕೇ ಎಂಬ ವಾದದ ಬೇರು ಆ ಕಾಲದ ತಯಾರಕರ ಮಿತವ್ಯಯದಲ್ಲಿದೆ. ಫ್ಯೂಸ್ ಎಂದರೆ ಮಿತಿಮೀರಿದ ವಿದ್ಯುತ್ ಹರಿದಾಗ ತಾನು ಕರಗಿ ಹರಿವನ್ನು ಕಡಿಯುವ ಲೋಹದ ಎಳೆ. ಅದು ಮುಖ್ಯವಾಗಿ ಕಾಯುವುದು ದೀಪವನ್ನೋ ಹಾರ್ನನ್ನೋ ಅಲ್ಲ, ಅವುಗಳಿಗೆ ಹೋಗುವ ತಂತಿಯನ್ನು.

ಮಾರಿಸ್ ಮೈನರ್ ಕಾರಿನಲ್ಲಿ ಇಂಥ ಫ್ಯೂಸ್‌ಗಳು ಇದ್ದದ್ದು ಎರಡೇ. ಒಂದು ಸದಾ ಬ್ಯಾಟರಿಯ ಸಂಪರ್ಕದಲ್ಲಿದ್ದು ಹಾರ್ನಿನಂಥವನ್ನು ನೋಡಿಕೊಂಡರೆ, ಇಗ್ನಿಷನ್ ಕೀಲಿ ತಿರುಗಿಸಿದ ಮೇಲಷ್ಟೇ ವಿದ್ಯುತ್ ಪಡೆಯುತ್ತಿದ್ದ ಇನ್ನೊಂದರ ಪಾಲಿಗೆ ವೈಪರ್, ಬ್ರೇಕ್ ದೀಪ, ಪೆಟ್ರೋಲ್ ಮಾಪಕಗಳೆಲ್ಲ ಬಂದಿದ್ದವು. ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ. ಕತ್ತಲ ದಾರಿಯಲ್ಲಿ ಎರಡೂ ದೀಪಗಳು ಒಮ್ಮೆಗೇ ಆರಿಹೋಗಬಾರದೆಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. 1962ರಲ್ಲಿ ಬಂದ ಎಂಜಿಬಿಯೂ ಎರಡರಿಂದಲೇ ಆರಂಭಿಸಿ ಮುಂದೆ ನಾಲ್ಕಕ್ಕೆ ಏರಿತು, ಹೆಚ್ಚಿದ ಎರಡು ಎಡಬಲದ ಪಾರ್ಕಿಂಗ್ ದೀಪಗಳಿಗೆ ಹೋದವು. ಕಾರ್ಖಾನೆಯೇ ಹೀಗೆ ಮಾರ್ಪಡಿಸುತ್ತಿದ್ದುದರಿಂದ, ಮೂಲರೂಪದ ಹೆಸರಿನಲ್ಲಿ ಹಠ ಹಿಡಿಯುವವರ ವಾದ ಅವರು ಭಾವಿಸುವಷ್ಟು ಗಟ್ಟಿಯಾದುದಲ್ಲ.

ಹಾಗೆಂದು ಹಳೆಯ ಗಾಜಿನ ಫ್ಯೂಸನ್ನೇ ದೂರುವುದೂ ಸರಿಯಲ್ಲ. ದೋಷವಿರುವುದು ಹೆಚ್ಚಾಗಿ ಅದನ್ನು ಹಿಡಿದಿಡುವ ಲೋಹದ ಕ್ಲಿಪ್ಪುಗಳಲ್ಲಿ, ಅವನ್ನು ಹಿಂಬದಿಯ ಸಂಪರ್ಕಗಳಿಗೆ ಜೋಡಿಸುವ ರಿವೆಟ್ಟುಗಳಲ್ಲಿ. ತೇವದಿಂದ ಅಲ್ಲಿ ಕಿಲುಬು ಹಿಡಿದು, ರೋಧ, ಎಂದರೆ ವಿದ್ಯುತ್ತಿನ ಹರಿವಿಗೆ ಒದಗುವ ಅಡ್ಡಿ, ಒಂದು ಓಮಿನ ಹತ್ತನೆಯ ಒಂದಂಶದಷ್ಟಾದರೂ ಸಾಕು, 10 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲಿಯೇ ಸೋರಿ 10 ವಾಟ್ ಶಾಖವಾಗುತ್ತದೆ. ದೀಪ ಮಂಕಾಗುತ್ತದೆ, ಪೆಟ್ಟಿಗೆ ಬಿಸಿಯೇರುತ್ತದೆ, ಫ್ಯೂಸ್ ಮಾತ್ರ ಕರಗದೆ ಉಳಿಯುತ್ತದೆ. ಕ್ಲಿಪ್ಪುಗಳನ್ನು ಉಜ್ಜಿ ಬಿಗಿಗೊಳಿಸಿ, ರಿವೆಟ್ಟಿನ ಸಂಧಿಗೆ ಬೆಸುಗೆ ಹಾಕಿದರೆ ಈ ಕಾಯಿಲೆ ಬಹುಮಟ್ಟಿಗೆ ವಾಸಿಯಾಗುತ್ತದೆ.

ಅಮೆರಿಕದ ಲಿಟಲ್‌ಫ್ಯೂಸ್ ಸಂಸ್ಥೆ 1976ರಲ್ಲಿ ತಂದ ಬ್ಲೇಡ್ ಫ್ಯೂಸ್, ಅಂದರೆ ಬಣ್ಣದ ಪ್ಲಾಸ್ಟಿಕ್ಕಿನಿಂದ ಎರಡು ಚಪ್ಪಟೆ ಅಲಗುಗಳು ಹೊರಚಾಚಿದ ಮಾದರಿ, ಹಿಡಿತದಲ್ಲಿ ಇದಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೆ ಬದಲಾಯಿಸುವವರು ಅಳತೆಯ ಬಗೆಗೆ ಎಚ್ಚರವಾಗಿರಬೇಕು. ಲೂಕಾಸ್ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಕರಗುವ ಮಟ್ಟವನ್ನು ಹೇಳುತ್ತದೆಯೇ ಹೊರತು ಸತತವಾಗಿ ಹೊರಬಲ್ಲ ಮಟ್ಟವನ್ನಲ್ಲ. ಆ ಮಟ್ಟ ಸುಮಾರು 17 ಆಂಪಿಯರ್ ಮಾತ್ರ. ಬ್ಲೇಡ್ ಫ್ಯೂಸಿನ ಅಂಕಿ ಸತತ ಹರಿವಿಗೆ ಹತ್ತಿರವಾದುದರಿಂದ, ಅದೇ 35ನ್ನು ಅರಸಿ ಹಾಕಿದವರು ರಕ್ಷಣೆಯನ್ನು ಅರ್ಧಕ್ಕಿಳಿಸಿ, ಕಾಯಬೇಕಾದ ತಂತಿಯನ್ನೇ ಫ್ಯೂಸಾಗಿಸುತ್ತಾರೆ.

ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಡರ್‌ನ ಆರಂಭದ ಕಾರುಗಳನ್ನು ಕಾಪಾಡುವವರಿಗೂ ಇದೇ ಪ್ರಶ್ನೆ ಎದುರಾಗುವುದು ಸಹಜ. ಕಾರಿನ ವಿದ್ಯುತ್ ಹೊರೆ ಹಿಂದಿನಷ್ಟೇ ಇದ್ದರೆ ದುರಸ್ತಿಯೇ ಸಾಕು. ಹ್ಯಾಲೊಜನ್ ದೀಪ, ವಿದ್ಯುತ್ ಫ್ಯಾನುಗಳು ಸೇರಿದ್ದರೆ ಅವನ್ನು ಮಾತ್ರ ಪ್ರತ್ಯೇಕವಾದ ಸಣ್ಣ ಬ್ಲೇಡ್ ಪೆಟ್ಟಿಗೆಗೆ ವಹಿಸಿ, ಎಡಬಲದ ಹೆಡ್‌ಲೈಟುಗಳಿಗೆ ಬೇರೆ ಬೇರೆ ಫ್ಯೂಸ್ ಕೊಟ್ಟು, ಹಳೆಯ ಪೆಟ್ಟಿಗೆಯನ್ನು ಅದರ ಮೂಲ ಕೆಲಸಕ್ಕೇ ಬಿಡುವುದು ಮೇಲು; ಮೂಲ ತಂತಿಗಳನ್ನು ಕತ್ತರಿಸದೆ ಮಾಡಿದ ಇಂಥ ಜೋಡಣೆಯನ್ನು ಮುಂದಿನ ಮಾಲೀಕರು ಬೇಡವೆನಿಸಿದರೆ ಬಿಚ್ಚಿ ತೆಗೆಯಬಹುದು.